ಎಡಗಡೆಯ ಹಿಂದಿನ ಚಕ್ರ

ಹಿಮ ಬೀಳುವ ಮುಂಚೆ ತ್ಸುಗಾರು ಸೀಮೆಯವರೆಲ್ಲ ಕಾರಿಗೆ ಹಿಮದಲ್ಲಿ ಜಾರದ ಚಳಿಗಾಲದ ಚಕ್ರ ಹಾಕಿಕೊಳ್ಳುತ್ತಾರೆ. ಅದು ಚಾಪೆ ಕೊಡವಿದಷ್ಟೇ ಸಾಮಾನ್ಯ ಕೆಲಸ. ಸೇಬಿನ ರಸದ ಕಂಪನಿಯಲ್ಲಿ ಮಾರಾಟದ ಮುಖ್ಯಸ್ಥರಾಗಿದ್ದ ಸಸಮೋರಿ ಸಾಹೇಬರು ಮಾತ್ರ ಅದನ್ನು ತಾವೇ ಮಾಡಿ ಮುಗಿಸಿ ವಾರಗಟ್ಟಲೆ ಉಪನ್ಯಾಸ ಕೊಡುತ್ತಿದ್ದರು.

"ಕಾರು ಅಂದ್ರೆ ಹೆಂಡ್ತಿ ಇದ್ದಂಗೆ. ಕಂಡೋರ ಕೈಗೆ ಕೊಡಬಾರ್ದು."

ಸಾಹೇಬರ ಹೆಂಡತಿ ತವರಿಗೆ ಹೋಗಿ ಮೂರು ವರ್ಷವಾಗಿತ್ತು. ಆದರೂ ಯಾರೂ ನಗಲಿಲ್ಲ.

ವರ್ಷದ ಕೊನೆಯ ಔತಣಕ್ಕೆ ಬೆಟ್ಟದ ಮೇಲಿನ ಬಿಸಿನೀರ ಬುಗ್ಗೆಯ ವಸತಿಗೃಹಕ್ಕೆ ಹೋಗಬೇಕಿತ್ತು. ಸಾಹೇಬರ ಕಾರಿನಲ್ಲಿ ಮುಂದೆ ಅವರ ಕೈಕೆಳಗಿನ ನಾರಿತಾ ಕೂತ. ಹಿಂದೆ ಕೂತವಳು ಸರಕು ರವಾನೆ ನೋಡಿಕೊಳ್ಳುವ ಮಿತ್ಸುಯೆ. ಐವತ್ತು ದಾಟಿದ ಹೆಂಗಸು. ಪಕ್ಕದಲ್ಲಿ ಔತಣಕ್ಕೆಂದು ತಾನೇ ಹಾಕಿದ ಮೂಲಂಗಿ ಉಪ್ಪಿನಕಾಯಿಯ ಭರಣಿ ಇಟ್ಟುಕೊಂಡಿದ್ದಳು.

ಹಿರೋಸಾಕಿ ಪಟ್ಟಣ ದಾಟಿದ್ದೇ ತಡ, ಎಲ್ಲೋ ಗಟ್, ಗಟ್ ಎಂದು ಸದ್ದು ಶುರುವಾಯಿತು. ಸಾಹೇಬರು ರೇಡಿಯೋ ಜೋರು ಮಾಡಿದರು. ಸದ್ದೂ ಜೋರಾಯಿತು.

"ನಾರಿತಾ, ಏನಾದ್ರೂ ಕೇಳಿಸ್ತಾ ನಿಂಗೆ?"

"ಇಲ್ವಲ್ಲ ಸಾಹೇಬ್ರೆ. ನಿಮ್ಮ ಗಾಡೀಲಿ ಕೂತ್ರೆ ದೇವಸ್ಥಾನದಲ್ಲಿ ಕೂತಂಗಿರುತ್ತೆ."

"ನಂಗೆ ಕೇಳಿಸ್ತಿದೆ ಕಣೋ."

"ಹೌದೌದು, ಈಗ ಕೇಳಿಸ್ತು! ನಿಮ್ಮ ಕಿವಿ ಬಿಡಿ, ಬಲು ಸೂಕ್ಷ್ಮ."

ಮಿತ್ಸುಯೆ ಕಿವಿಗೊಟ್ಟಳು. ಕಾರು ನಿಧಾನವಾದರೆ ಸದ್ದೂ ನಿಧಾನ; ಓಡಿದರೆ ಅದೂ ಓಡುತ್ತಿತ್ತು. ಸಾಹೇಬರು ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿನ ಮೊರೆತ ಇಳಿಯಿತು, ಆ ಸದ್ದು ಮಾತ್ರ ನಿಲ್ಲಲಿಲ್ಲ. ಹಾಗಾದರೆ ಎಂಜಿನ್ನಿನದಲ್ಲ, ಚಕ್ರದ್ದು. ಅದೂ ತಾನು ಕೂತ ಕಡೆಯದ್ದೇ, ಎಡಗಡೆಯ ಹಿಂದಿನದು. ಚಕ್ರದ ನಟ್ಟು ಸಡಿಲವಾದಾಗ ಬರುವ ಸದ್ದು ಈ ಸೀಮೆಯಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? ನಾರಿತಾನ ಕತ್ತಿನ ಹಿಂಭಾಗ ಬೆವೆತಿದ್ದು ನೋಡಿದಳು. ಅವನಿಗೂ ಗೊತ್ತಿತ್ತು. ಆದರೆ ನಟ್ಟು ಸಡಿಲ ಎಂದರೆ ಸಾಹೇಬರ ಕೈ ಸಡಿಲ ಎಂದ ಹಾಗೆ. ಅಷ್ಟು ಹೇಳುವುದಕ್ಕಿಂತ ಕಂದಕಕ್ಕೆ ಬೀಳುವುದೇ ಮರ್ಯಾದೆ ಎಂದು ಅವನು ತೀರ್ಮಾನಿಸಿದಂತಿತ್ತು.

"ಹಿಮದ ಗಡ್ಡೆ ಕಟ್ಟಿರ್ಬೇಕು," ಎಂದು ಸಾಹೇಬರು ಕಾರು ನಿಲ್ಲಿಸಿ, ಇಳಿದು, ನಾಲ್ಕೂ ಚಕ್ರಕ್ಕೆ ಒದ್ದು ಬಂದರು. ಹೊರಟ ಮೇಲೆ ಸದ್ದು ಇನ್ನಷ್ಟು ಹುರುಪಿನಿಂದ ಶುರುವಾಯಿತು.

"ಸಾಹೇಬ್ರೆ, ಚಕ್ರದ ನಟ್ಟು ಒಂದ್ಸಲ ನೋಡಿದ್ರೆ..." ಎಂದಳು ಮಿತ್ಸುಯೆ.

ಸಾಹೇಬರು ಕನ್ನಡಿಯಲ್ಲಿ ಅವಳನ್ನೇ ದಿಟ್ಟಿಸಿದರು. "ಅದು ನಾನೇ ಕೈಯಾರೆ ಹಾಕಿದ ಚಕ್ರ. ನಿಮ್ಮ ಭರಣಿ ಕುಣೀತಿದೆ, ಅದನ್ನ ಮೊದ್ಲು ಹಿಡ್ಕೊಳ್ಳಿ."

"ಭರಣೀನೇ! ನಾನೂ ಅದೇ ಅಂದ್ಕೊಂಡೆ," ಎಂದ ನಾರಿತಾ.

ಮಿತ್ಸುಯೆ ಭರಣಿಯನ್ನು ತೊಡೆಯ ಮೇಲೆ ಮಗುವಿನಂತೆ ಅಪ್ಪಿಕೊಂಡಳು. ಮೂಲಂಗಿ ತೆಪ್ಪಗಿತ್ತು. ಕಾರು ಮಾತ್ರ ಗಟಗಟ ಎನ್ನುತ್ತ ತಿರುವಿನಲ್ಲಿ ಬಾಲ ಅಲ್ಲಾಡಿಸಿತು. ಅವಳು ಮುಂದಿನ ಸೀಟು ಬಡಿದಳು.

"ನಿಲ್ಸಿ! ನಂಗೆ ಅರ್ಜೆಂಟಾಗಿದೆ. ತಡ್ಕೊಳಕ್ಕಾಗಲ್ಲ. ಸೀಟಿನ ಮೇಲೇ ಆದ್ರೆ ನನ್ನ ಬೈಬೇಡಿ."

ನಟ್ಟಿಗೆ ನಿಲ್ಲದ ಕಾರು ಸೀಟಿನ ಬಟ್ಟೆಗಾಗಿ ನಿಂತಿತು. ದಾರಿಬದಿಯ ತಂಗುದಾಣದಲ್ಲಿ ಸಾಹೇಬರು ಬಿಸಿ ಕಾಫಿ ಕುಡಿಯಲು ಒಳಗೆ ಹೋದರು. ಮಿತ್ಸುಯೆ ಶೌಚಾಲಯದ ಕಡೆ ನಾಲ್ಕು ಹೆಜ್ಜೆ ಹಾಕಿ ಹಿಂದಿರುಗಿದವಳೇ ಡಿಕ್ಕಿ ತೆರೆದು ಪಾನಾ ತೆಗೆದಳು. ಎಡಗಡೆಯ ಹಿಂದಿನ ಚಕ್ರದ ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಒಂದಂತೂ ಇನ್ನೆರಡು ಸುತ್ತು ತಿರುಗಿದರೆ ಕೈಗೆ ಬರುವಂತಿತ್ತು. ಔತಣಕ್ಕೆಂದು ಹಾಕಿದ ಒಳ್ಳೆಯ ಬೂಟಿನಲ್ಲೇ ಪಾನಾದ ಮೇಲೆ ನಿಂತು, ಎದುರುಬದುರು ನಟ್ಟುಗಳನ್ನು ಒಂದೊಂದಾಗಿ ತುಳಿದು ಬಿಗಿದಳು.

ಸಾಹೇಬರ ಜೊತೆ ಒಳಗೆ ಹೋಗಿದ್ದ ನಾರಿತಾ ಓಡಿ ಬಂದ. "ಅಯ್ಯೋ ಮಿತ್ಸುಯೆ ಅವ್ರೆ, ಸಾಹೇಬ್ರು ನೋಡಿದ್ರೆ ಏನ್ಗತಿ!"

"ಚಕ್ರ ಕಳಚಿದ್ರೆ ಏನ್ಗತಿ?"

ಅವನು ಎರಡನ್ನೂ ತೂಗಿ ನೋಡಿ, ಕೋಟು ಅಗಲ ಮಾಡಿ ಅಡ್ಡ ನಿಂತ. ಅವಳು ಉಳಿದ ಮೂರು ಚಕ್ರಗಳನ್ನೂ ಬಿಗಿದಳು.

ಮತ್ತೆ ಹೊರಟಾಗ ಕಾರು ಬೆಕ್ಕಿನಂತೆ ನಡೆಯಿತು.

"ನೋಡಿದ್ರಾ? ಕಾಲಿಂದ ಎಲ್ಲಿ ಒದೀಬೇಕು ಅಂತ ಗೊತ್ತಿರ್ಬೇಕು," ಎಂದರು ಸಾಹೇಬರು.

ಔತಣದಲ್ಲಿ ಮದ್ಯದ ಮೂರನೆಯ ಬಟ್ಟಲಿಗೆ ಅದು ದೊಡ್ಡ ಕತೆಯಾಗಿತ್ತು. ಕಾರಿನ ಸದ್ದು ಕೇಳಿ ಕಾಯಿಲೆ ಹೇಳುವುದು ಹೇಗೆ ಎಂದು ಸಾಹೇಬರು ಚಾಪ್‌ಸ್ಟಿಕ್ಕಿನಿಂದ ಮೀನಿನ ತಟ್ಟೆ ಬಡಿದು ಬಡಿದು ತೋರಿಸಿದರು. ಕಂಪನಿಯ ಯಜಮಾನರು ತಲೆದೂಗಿದರು. ಮಿತ್ಸುಯೆ ಬಟ್ಟಲು ಕೆಳಗಿಟ್ಟಳು.

"ನಟ್ಟು ಸಡಿಲ ಇತ್ತು. ತಂಗುದಾಣದಲ್ಲಿ ನಾನೇ ಬಿಗಿದೆ. ನಾರಿತಾ ಅವ್ರು ಅಡ್ಡ ನಿಂತಿದ್ರು."

ಎಲ್ಲರೂ ಯಜಮಾನರ ಮುಖ ನೋಡಿದರು. ಆಮೇಲೆ ಯಜಮಾನರು ಹೊಟ್ಟೆ ಹಿಡಿದು ನಕ್ಕರು. "ಭಲೇ! ನಮ್ಮ ಮಿತ್ಸುಯೆಗೂ ತಮಾಷೆ ಬರುತ್ತೆ!" ಯಜಮಾನರು ನಕ್ಕ ಮೇಲೆ ಎಲ್ಲರೂ ನಕ್ಕರು. ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು, ಕಿವಿ ಮಾತ್ರ ಕೆಂಪಾಗಿತ್ತು. ನಾರಿತಾ ಕಣ್ಣೊರೆಸಿಕೊಂಡು ನಗುತ್ತ ಅವಳ ಕಡೆ ನೋಡಲೇ ಇಲ್ಲ. ಸಾಹೇಬರು ಅವನ ಬೆನ್ನು ತಟ್ಟಿ, "ವಸಂತ ಬರ್ಲಿ, ಚಳಿಗಾಲದ್ದು ತೆಗೆದು ನಿನ್ನ ಕಾರಿನ ಚಕ್ರಾನೂ ನಾನೇ ಹಾಕ್ಕೊಡ್ತೀನಿ," ಎಂದರು. ಅವನು ಹಣೆ ನೆಲಕ್ಕೆ ತಾಗುವಂತೆ ಬಗ್ಗಿ ವಂದಿಸಿದ.

ಮಿತ್ಸುಯೆಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಚೆನ್ನಾಗಿ ಉಂಡಳು.

ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಳು. ಅಂಗಳದಲ್ಲಿ ನಾರಿತಾ ಸಾಹೇಬರ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಹಿಮ ಒರೆಸುವವನಂತೆ ಅತ್ತಿತ್ತ ನೋಡುತ್ತ, ಒಂದೊಂದೇ ನಟ್ಟನ್ನು ಬೆರಳಲ್ಲಿ ಅಲ್ಲಾಡಿಸುತ್ತಿದ್ದ.

"ಗಟ್ಟಿ ಇದಾವಾ?" ಎಂದು ಕೇಳಿದಳು.

ಅವನು ಬೆಚ್ಚಿ ಎದ್ದು, "ಏನು? ಯಾವ್ದು?" ಎಂದ. ಅಷ್ಟರಲ್ಲಿ ಬಸ್ಸು ಬಂತು.