ಹಳದಿ ಟೋಪಿಯ ಸಿಲಿಂಡರ್

ದೆಯಾನಿರಾಳ ಕೆಮ್ಮು ಶುರುವಾದದ್ದು ಮನೆಗೆ ಸೌದೆ ಒಲೆ ಬಂದ ಮೇಲೆ. ಅದಕ್ಕೂ ಮುಂಚೆ ಆ ಮನೆಯಲ್ಲಿ ಕೆಮ್ಮುತ್ತಿದ್ದವನು ಗಂಡ ನೇರಿಯೊ ಒಬ್ಬನೇ, ಅದೂ ಸಿಗರೇಟಿನ ದೆಸೆಯಿಂದ. ಈಗ ಹಿತ್ತಲಲ್ಲಿ ಸಿಮೆಂಟು ಇಟ್ಟಿಗೆ ಜೋಡಿಸಿ, ಊರು ಬಿಟ್ಟವರ ಮನೆಗಳ ಬಾಗಿಲು ಕಿಟಕಿ ಒಡೆದು ತಂದು ಉರಿಸುತ್ತಿದ್ದರು. ಬಣ್ಣ ಬಳಿದ ಮರದ ಹೊಗೆ ಸುಮ್ಮನೆ ಬಿಡುತ್ತದೆಯೆ? ಆಸ್ಪತ್ರೆಯ ಡಾಕ್ಟರಮ್ಮ ಅವಳ ಎದೆ ಪರೀಕ್ಷಿಸಿ, ಇನ್ನೊಂದು ವರ್ಷ ಈ ಹೊಗೆ ಕುಡಿದರೆ ಈಕೆ ನಿಮಗೆ ದಕ್ಕುವುದಿಲ್ಲ ಎಂದು ನೇರಿಯೊನಿಗೆ ಖಡಾಖಂಡಿತವಾಗಿ ಹೇಳಿದ್ದಳು. ಔಷಧಿ ಬರೆಯಲಿಲ್ಲ, ಬರೆದಿದ್ದರೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಒಂದು ಗ್ಯಾಸ್ ಸಿಲಿಂಡರ್ ತಂದುಕೊಡಿ, ಅದೇ ಔಷಧಿ ಎಂದಳು.

ಕೇಳಿದವರು ನಗಬೇಕು. ಮರಾಕೈಬೊ ಸರೋವರದ ದಡದಲ್ಲಿ ಎಲ್ಲಿ ಅಗೆದರೂ ಎಣ್ಣೆ. ಬಲೆ ಬೀಸಿದವನು ಮೀನು ಬಿಡಿಸುವ ಮೊದಲು ಕೈಗೆ ಮೆತ್ತಿದ ಜಿಡ್ಡು ಒರೆಸಿಕೊಳ್ಳಬೇಕು. ಅಂಥ ಊರಿನಲ್ಲಿ ಒಲೆಗೆ ಗ್ಯಾಸಿಲ್ಲ. ಸಾಲದ್ದಕ್ಕೆ ನೇರಿಯೊ ಗ್ಯಾಸ್ ಘಟಕದಲ್ಲೇ ಕೆಲಸಕ್ಕಿದ್ದ. ಘಟಕದ ಎತ್ತರದ ಕಂಬದ ತುದಿಯಲ್ಲಿ ಹಗಲೂ ರಾತ್ರಿ ಉರಿಯುತ್ತಿದ್ದ ಬೆಂಕಿಯನ್ನು ನೋಡಿಕೊಳ್ಳುವುದು ಅವನ ಕೆಲಸ. ಊರಿನವರು ಬೆಳಿಗ್ಗೆ ಎದ್ದು ಮೊದಲು ಆ ಬೆಂಕಿಯ ಮುಖ ನೋಡುತ್ತಿದ್ದರು. ಬೆಂಕಿ ಇದೆ ಅಂದರೆ ಕೆಲಸ ಇದೆ, ಸಂಬಳ ಇದೆ, ಒಲೆಗೆ ಗ್ಯಾಸೂ ಇದೆ. ಅದು ಆರಿ ಮೂರು ವರ್ಷವಾಗಿತ್ತು. ಕೈಯಲ್ಲಿ ಕಸುಬಿದ್ದವರೆಲ್ಲ ಗಡಿ ದಾಟಿ ಕೊಲಂಬಿಯಕ್ಕೆ ಹೋದರು. ನೇರಿಯೊ ಮಾತ್ರ ಆಳುವ ಪಕ್ಷದ ಕೆಂಪು ಅಂಗಿ ತೊಟ್ಟು ಮೆರವಣಿಗೆಗೆ ಹೋಗುತ್ತ, ಬಾಯಿಗೆ ಬೀಗ ಜಡಿದುಕೊಂಡು, ಆರಿದ ಕಂಬವನ್ನೇ ಕಾಯುತ್ತ ಉಳಿದ.

ದೆಯಾನಿರಾಗೆ ಬೀಗದ ಅಗತ್ಯವಿರಲಿಲ್ಲ. ಅವಳು ದೇಶದ ಅಧ್ಯಕ್ಷನನ್ನು ಮನಸಾರೆ ಪ್ರೀತಿಸುತ್ತಿದ್ದಳು. ಊರಿಗೆ ಊರೇ ಅವನನ್ನು ಕಂಪಾದ್ರೆ ಎನ್ನುತ್ತಿತ್ತು. ಮಗುವಿನ ನಾಮಕರಣದಲ್ಲಿ ಜೊತೆಗೆ ನಿಂತು ನೆಂಟನಾದವನನ್ನು ಕರೆಯುವ ಹೆಸರು ಅದು. ನೆರೆ ಬಂದ ವರ್ಷ ಅವನು ಮೊಣಕಾಲುದ್ದ ಕೆಸರಿನಲ್ಲಿ ನಡೆದುಬಂದು ಅವಳ ತಾಯಿಯ ಕೈ ಹಿಡಿದು ಮಾತಾಡಿಸಿದ್ದ. ಈ ಮನೆ ಕೊಟ್ಟವನೂ ಅವನೇ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, ದುಃಖದ ಸಂಗತಿಯೆಂದರೆ ಅದೇ. ಆ ಒಂದು ದಿನದ ಋಣದಲ್ಲಿ ಅವಳು ಉಳಿದ ವರ್ಷಗಳನ್ನೆಲ್ಲ ಅವನಿಗೆ ಬಿಟ್ಟುಕೊಟ್ಟಿದ್ದಳು.

ಖಾಲಿ ಸಿಲಿಂಡರ್‌ಗಳನ್ನು ಪಕ್ಷ ನೇಮಿಸಿದ ಬೀದಿಯ ಮುಖ್ಯಸ್ಥೆ ಇಸ್ಬೇಲಿಯಾ ಒಟ್ಟು ಮಾಡಿ ತುಂಬಿಸಲು ಬೇರೆ ಊರಿಗೆ ಕಳಿಸುತ್ತಿದ್ದಳು. ಅದಲುಬದಲಾಗದಿರಲೆಂದು ಪ್ರತಿ ಮನೆಯವರೂ ತಮ್ಮದಕ್ಕೆ ಒಂದೊಂದು ಗುರುತು ಬರೆಯುತ್ತಿದ್ದರು: ಒಬ್ಬರದು ನಕ್ಷತ್ರ, ಒಬ್ಬರದು ಅನಾನಸ್. ದೆಯಾನಿರಾ ಬರೆದದ್ದು ಅಧ್ಯಕ್ಷ ಸದಾ ಹಾಕಿಕೊಳ್ಳುತ್ತಿದ್ದ ಹಳದಿ ಹುಲ್ಲಿನ ಟೋಪಿ.

“ಕಂಪಾದ್ರೆ ಟೋಪಿ ಇರೋ ಸಿಲಿಂಡರ್‌ಗೆ ಯಾವನು ಕೈ ಹಾಕ್ತಾನೋ ನೋಡೇಬಿಡೋಣ,” ಎಂದಿದ್ದಳು.

ಈಸ್ಟರಿಗೆ ಮೊದಲು ಹೋದ ಸಿಲಿಂಡರ್ ನವೆಂಬರಿನಲ್ಲಿ ಆ ಸೀಮೆಯನ್ನು ಕಾಯುವ ಚಿನೀತಾ ಮಾತೆಯ ಹಬ್ಬ ಹತ್ತಿರವಾದರೂ ಬರಲಿಲ್ಲ. ಇಸ್ಬೇಲಿಯಾಳನ್ನು ಕೇಳಿದರೆ, ತುಂಬಿ ಬಂದಿವೆ, ಮೇಲಿನವರ ಅಪ್ಪಣೆಯಾಗಲಿ ಎನ್ನುತ್ತಿದ್ದಳು.

ಬಂದದ್ದು ಅಧ್ಯಕ್ಷ. ಚುನಾವಣೆ ಹೊಸ್ತಿಲಲ್ಲಿತ್ತು. ಗಂಟೆಗಟ್ಟಲೆ ನಡೆಯುವ ತನ್ನ ಭಾನುವಾರದ ಟೀವಿ ಮಾತುಕತೆಯನ್ನು ಈ ಸಲ ಗ್ಯಾಸ್ ಘಟಕದ ಅಂಗಳದಿಂದಲೇ ನಡೆಸಿ, ಸತ್ತಿದ್ದ ಘಟಕಕ್ಕೆ ಜೀವ ಬಂದಿದೆಯೆಂದು ದೇಶಕ್ಕೆ ತೋರಿಸುವವನಿದ್ದ. ಘಟಕಕ್ಕೆ ಜೀವವೂ ಬಂದಿರಲಿಲ್ಲ, ಏನೂ ಬಂದಿರಲಿಲ್ಲ. ಹಾಗಾಗಿ ಘಟಕದ ಉಸ್ತುವಾರಿಗಿದ್ದ ಕರ್ನಲ್ ಫೆರ್ರೇರ್ ಬೆಳಿಗ್ಗೆಯೇ ನೇರಿಯೊನನ್ನು ಪಂಪ್‌ಮನೆಯ ಹಿಂದಕ್ಕೆ ಕರೆದೊಯ್ದ. ಅಲ್ಲಿ ತುಂಬಿದ ಸಿಲಿಂಡರ್‌ಗಳು ಸಾಲಾಗಿ ನಿಂತಿದ್ದವು. ನಕ್ಷತ್ರ ಇತ್ತು, ಅನಾನಸ್ ಇತ್ತು, ಇಡೀ ಬೀದಿಯೇ ಅಲ್ಲಿತ್ತು. ಇವುಗಳ ಗ್ಯಾಸನ್ನು ಕಂಬದ ಕೊಳವೆಗೆ ಬಿಟ್ಟು, ಅಧ್ಯಕ್ಷರ ಮಾತು ಮುಗಿಯುವವರೆಗೆ ಬೆಂಕಿ ಆರದಂತೆ ನೋಡಿಕೋ ಎಂದು ಕರ್ನಲ್ ಅಪ್ಪಣೆ ಮಾಡಿದ.

ನೇರಿಯೊನ ಕಣ್ಣಿಗೆ ಹಳದಿ ಟೋಪಿ ಬಿತ್ತು.

“ಸಾಹೇಬ್ರೆ, ಅದೊಂದು ನಮ್ಮನೇದು. ನನ್ ಹೆಂಡ್ತಿಗೆ ಎದೆ ರೋಗ.”

ಕರ್ನಲ್ ಕೆಟ್ಟವನಾಗಿರಲಿಲ್ಲ, ಹೆದರಿದವನಾಗಿದ್ದ. ಟೋಪಿಯ ಚಿತ್ರವನ್ನೂ ನೇರಿಯೊನ ಮುಖವನ್ನೂ ನೋಡಿದ.

“ಕೊನೇಗಿಟ್ಕೊ. ಮಾತು ಮುಗಿದಾಗ ಉಳಿದಿದ್ರೆ ಹೊತ್ಕೊಂಡ್ ಹೋಗು. ಬೆಂಕಿ ಆರಿದ್ರೆ ಮಾತ್ರ ನಾನೂ ಇರಲ್ಲ, ನೀನೂ ಇರಲ್ಲ.”

ನೇರಿಯೊ ಆ ಸಿಲಿಂಡರನ್ನು ಸಾಲಿನ ತುತ್ತತುದಿಗೆ ಜೋಡಿಸಿ, ಅದರ ತಿರುಪನ್ನು ಮುಚ್ಚಿಯೇ ಇಟ್ಟ. ಚಿನೀತಾ ಮಾತೆಗೆ ಒಂದೇ ಒಂದು ಹರಕೆ ಹೊತ್ತ: ಇವತ್ತೊಂದು ದಿನ ಈ ಮನುಷ್ಯ ಬೇಗ ಮಾತು ಮುಗಿಸಲಿ. ಆ ದೇಶದಲ್ಲಿ ಇದಕ್ಕಿಂತ ದೊಡ್ಡ ಪವಾಡವನ್ನು ಯಾರೂ ಬೇಡಿರಲಿಕ್ಕಿಲ್ಲ.

ಮಧ್ಯಾಹ್ನ ಕಂಬದ ತುದಿಯಲ್ಲಿ ಭಗ್ಗೆಂದು ಬೆಂಕಿ ಹೊತ್ತಿತು. ಬೇಲಿಯಾಚೆ ಸೇರಿದ್ದ ಜನ ಕೇಕೆ ಹಾಕಿದರು, ಕೆಲವರು ಅತ್ತೇಬಿಟ್ಟರು. ಅಧ್ಯಕ್ಷ ಟೋಪಿ ತೆಗೆದು ಬೆಂಕಿಯತ್ತ ಬೀಸಿದ. ಚೆನ್ನಾಗಿ ಮಾತಾಡಿದ, ಅದನ್ನು ಹೇಳಲೇಬೇಕು. ತನ್ನ ಅಜ್ಜಿಯ ಹಿತ್ತಲಿನ ಮಾವಿನಮರದಿಂದ ಶುರುಮಾಡಿ, ವಿದೇಶದ ಕಳ್ಳರನ್ನು ಬೈದು, ಮುಂದಿನ ಸಾಲಿನ ಮುದುಕಿಯನ್ನು ಹತ್ತಿರ ಕರೆದು ಅವಳೊಂದಿಗೆ ಹಾಡಿದ. ನೇರಿಯೊ ಒಂದೊಂದೇ ಸಿಲಿಂಡರನ್ನು ತೆರೆಯುತ್ತ ಹೋದ. ನಕ್ಷತ್ರ ಮುಗಿಯಿತು. ಅನಾನಸ್ ಮುಗಿಯಿತು. ಇನ್ನೇನು ಮುಗಿಸುತ್ತೇನೆ ಎಂದು ಅಧ್ಯಕ್ಷ ನಾಲ್ಕು ಸಲ ಹೇಳಿದ, ಪ್ರತಿ ಸಲವೂ ಜನ ಬೇಡ ಬೇಡವೆಂದು ಕೂಗಿದರು, ಅವನು ಪ್ರತಿ ಸಲವೂ ಅವರ ಮಾತು ನಡೆಸಿಕೊಟ್ಟ. ಕೂಗಿದವರಲ್ಲಿ ಆ ಬೀದಿಯವರೂ ಇದ್ದರು.

ಮೇಲೆ ಬೆಂಕಿ ಬಡವಾಗತೊಡಗಿತು. ಕರ್ನಲ್ ಪಂಪ್‌ಮನೆಯ ಮೂಲೆಗೆ ಬಂದು ನಿಂತ. ಬೆವರು ಒರೆಸಿಕೊಂಡು ನೇರಿಯೊನನ್ನೇ ನೋಡಿದ.

“ಮೇಲೆ ನೋಡಿ,” ಎನ್ನುತ್ತಿದ್ದ ಅಧ್ಯಕ್ಷ, “ಆ ಬೆಂಕಿ ಕಂಪನಿದಲ್ಲ, ನಂದೂ ಅಲ್ಲ. ನಿಮ್ದು.”

ನೇರಿಯೊ ಹಲ್ಲು ಕಚ್ಚಿ ಟೋಪಿಯ ಸಿಲಿಂಡರಿನ ತಿರುಪನ್ನು ತಿರುಗಿಸಿದ. ಬೆಂಕಿ ಮತ್ತೆ ಎದ್ದಿತು, ಚಪ್ಪಾಳೆಯೂ ಎದ್ದಿತು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮುಗಿದ ಮೇಲೆ ಅಧ್ಯಕ್ಷ ಕೆಲಸಗಾರರ ಸಾಲಿನ ಮುಂದೆ ನಡೆದುಬಂದು ಒಬ್ಬೊಬ್ಬರ ಕೈ ಕುಲುಕಿದ. ನೇರಿಯೊನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳಿದ. ಕ್ಯಾಮರಾ ಇತ್ತು. ನೇರಿಯೊ ಆರಾಮ ಎಂದ.

ಅವನು ಮನೆಗೆ ಬಂದಾಗ ಹಿತ್ತಲಲ್ಲಿ ಒಲೆಯೇ ಇರಲಿಲ್ಲ. ಇಟ್ಟಿಗೆಗಳು ಬೇಲಿಯ ಪಕ್ಕ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಬೆಂಕಿ ಕಂಡದ್ದೇ ತಡ, ದೆಯಾನಿರಾ ಒಲೆ ಕೆಡವಿ, ಉಳಿದ ಸೌದೆಯನ್ನೆಲ್ಲ ಬ್ರೆಡ್ಡಿನ ಭಟ್ಟಿಯವನಿಗೆ ದಾನ ಮಾಡಿದ್ದಳು. ಒಳಗೆ ಗ್ಯಾಸ್ ಒಲೆ ತಿಕ್ಕಿ ಫಳಫಳ ಮಾಡಿ, ಜೋಳದ ಹಿಟ್ಟು ಕಲಸಿ ಅರೇಪಾ ರೊಟ್ಟಿ ತಟ್ಟಿಟ್ಟಿದ್ದಳು. ಹೊಸ ಲಂಗ ಉಟ್ಟಿದ್ದಳು.

“ಟೀವೀಲಿ ನೋಡ್ದೆ ಕಣೋ. ನಿನ್ ಕೈ ಹಿಡ್ಕೊಂಡ. ಎರಡೂ ಕೈಲಿ,” ಎಂದಳು. ನಗುವಷ್ಟರಲ್ಲಿ ಕೆಮ್ಮು ಬಂತು. “ಸಿಲಿಂಡರ್ ಯಾವಾಗ್ ಕೊಡ್ತಾರಂತೆ?”

ನೇರಿಯೊ ಸುಳ್ಳು ಹೇಳಬೇಕೆಂದೇ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಆ ತಟ್ಟಿಟ್ಟ ರೊಟ್ಟಿಗಳನ್ನು ನೋಡಿ ಅವನಿಂದ ಆಗಲಿಲ್ಲ. ಕೂತು ಎಲ್ಲವನ್ನೂ ಹೇಳಿದ: ಪಂಪ್‌ಮನೆಯ ಹಿಂದಿನ ಸಾಲು, ಬೀದಿಯ ಗುರುತುಗಳು, ಕೊನೆಗೆ ಉಳಿದಿದ್ದ ಟೋಪಿ.

ದೆಯಾನಿರಾ ಕೈಗೆ ಮೆತ್ತಿದ ಹಿಟ್ಟನ್ನು ತಿಕ್ಕಿ ತಿಕ್ಕಿ ಉದುರಿಸಿದಳು. ಅವಳು ಯಾರನ್ನಾದರೂ ಬೈಯಲಿ ಎಂದು ಅವನು ಕಾದ.

“ಪಾಪ, ಅವನಿಗೆ ಗೊತ್ತಿರಲ್ಲ,” ಎಂದಳು ಕೊನೆಗೆ. “ಸುತ್ತ ಇರೋರು ಅವನ ಕಣ್ಣಿಗೆ ಮಣ್ಣೆರಚ್ತಾರೆ. ಗೊತ್ತಿದ್ದಿದ್ರೆ ಬಿಡ್ತಿದ್ನಾ?” ಆಮೇಲೆ ಗಂಡನ ಮುಖ ನೋಡಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಹಾಗೆ ನೋಡಿದ್ದಿಲ್ಲ. “ನೀನು ಹೇಳ್ಬೇಕಿತ್ತು. ಅಷ್ಟು ಹತ್ರ ನಿಂತಿದ್ದೆ. ನಿನ್ ಕೈ ಹಿಡ್ಕೊಂಡಿದ್ದ.”

ರೊಟ್ಟಿಗಳನ್ನು ಹಾಗೇ ಇಟ್ಟರೆ ಒಣಗಿಹೋಗುತ್ತಿದ್ದವು. ನೇರಿಯೊ ಹಿತ್ತಲಿಗೆ ಹೋಗಿ ಇಟ್ಟಿಗೆಗಳನ್ನು ಮತ್ತೆ ಜೋಡಿಸಿದ, ಸೌದೆಗೆ ಬೇರೇನೂ ಸಿಗದೆ ತಮ್ಮದೇ ಮನೆಯ ಹಿಂಬಾಗಿಲನ್ನು ಕಳಚತೊಡಗಿದ.