ಕೀಲಿ ಕೊಟ್ಟವರು

ಸಹಿ ಎಲ್ಲಿ ಬೀಳಬೇಕೆಂದು ಪೆನ್ಸಿಲಿನಿಂದ ಗುರುತು ಹಾಕಿ, ಕುಲಸಚಿವ ಗುರುರಾಜ ಕಾಗದವನ್ನು ಶೋಭಾಳ ಕಡೆಗೆ ತಿರುಗಿಸಿದರು. ವಿಶ್ವವಿದ್ಯಾಲಯದ ಬೆಳ್ಳಿಹಬ್ಬದ ಪುಸ್ತಕಕ್ಕಾಗಿ ಮಾಡಿದ ವೈದ್ಯಕೀಯ ಡೀನರ ಪಟ್ಟಿ ಅದು. ದಾಖಲೆ ವಿಭಾಗದ ಮೇಲ್ವಿಚಾರಕಿಯಾದ ಶೋಭಾ ‘ಪರಿಶೀಲಿಸಿದೆ’ ಎಂದು ಸಹಿ ಮಾಡಿದರೆ ಸಂಜೆಗೆ ಅಚ್ಚಿಗೆ ಹೋಗುವುದಿತ್ತು.

ಅವಳು ಬೆರಳಿಟ್ಟು ಓದಿದಳು. ಐದನೆಯ ಹೆಸರು ಡಾ. ವೀರಪ್ಪ, 2021ರ ಜುಲೈ ಒಂಬತ್ತರವರೆಗೆ.

“ಇದು ತಪ್ಪ ಐತ್ರಿ ಸಾಹೇಬ್ರ. ವೀರಪ್ಪ ಸರ್ ಮೇ ಏಳಕ್ಕ ಬಿಟ್ಟ ಹೋಗಿದ್ರು. ಅಲ್ಲಿಂದ ಅರವತ್ಮೂರು ದಿವಸ ಫಕೀರವ್ವ ಡಾಕ್ಟರ್ ಇದ್ರಲ್ರಿ.”

“ಇದ್ರು ಅಂತ ಕಾಗದ ಎಲ್ಲೈತಿ?”

ಶೋಭಾ ಫೈಲಿನಿಂದ ಪ್ರಭಾರ ಪತ್ರ ತೆಗೆದಿಟ್ಟಳು. ಕುರ್ಚಿ ಬದಲಾದಾಗ ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಒಂದೇ ಹಾಳೆಯ ಮೇಲೆ ಸಹಿ ಮಾಡುವುದು ಅಲ್ಲಿಯ ಪದ್ಧತಿ. ಈ ಹಾಳೆಯಲ್ಲಿ ಫಕೀರವ್ವನ ಸಹಿ ಒಂದೇ ಇತ್ತು.

“ನೋಡ್ರಿ, ಕೊಟ್ಟವರ ಜಾಗಾ ಖಾಲಿ. ಕೊಡಾವರ ಇಲ್ದ ತಗೊಂಡ್ರು ಅಂದ್ರ ಹೆಂಗ ಮೇಡಂ? ಕಸಗೊಂಡ್ರೇನ?” ಗುರುರಾಜ ನಕ್ಕರು.

ಶೋಭಾ ನಗಲಿಲ್ಲ. ಕೊರೊನಾದ ಎರಡನೆಯ ಅಲೆಯಲ್ಲಿ, ಮೊಗಸಾಲೆಯಲ್ಲೂ ಹಾಸಿಗೆ ಹಾಕಿದ್ದಾಗ, ವೀರಪ್ಪ ಫೋನಿನಲ್ಲೇ ರಜೆ ಕೇಳಿ ಊರು ಬಿಟ್ಟಿದ್ದರು. ಆ ಕುರ್ಚಿ ಆಗ ಯಾರಿಗೂ ಬೇಡವಾಗಿತ್ತು. ‘ನೀವೇ ನೋಡಿಕೊಳ್ಳಿ’ ಎಂದು ಅಂದಿನ ಕುಲಪತಿಗಳು ಫಕೀರವ್ವನಿಗೆ ಹೇಳಿದ್ದೂ ಬಾಯಿಮಾತಿನಲ್ಲಿ. ಆ ಕುಲಪತಿಗಳು ಈಗ ಬದುಕಿಲ್ಲ. ಮಸಗುಪ್ಪಿಯ ಕುರಿಗಾರರ ಮನೆಯ ಫಕೀರವ್ವ ನಿವೃತ್ತಳಾಗಿ ಊರಲ್ಲೇ ರೋಗಿಗಳನ್ನು ನೋಡುತ್ತಾಳೆ. ಬರುವ ವಾರ ಪುಸ್ತಕ ಬಿಡುಗಡೆ ಮಾಡುವವರು ವೀರಪ್ಪ.

“ನಾ ಸಹಿ ಮಾಡಾಂಗಿಲ್ರಿ.”

“ಮೂಡಲಗಿ ಕೇಂದ್ರದಾಗ ಒಂದ ಜಾಗಾ ಖಾಲಿ ಐತಿ,” ಗುರುರಾಜ ಮೆಲ್ಲಗೆ ಹೇಳಿದರು. “ಬೆಲ್ಲದ ಬಾಗೇವಾಡಿ ನಿಮ್ಮ ಮನಿಯಿಂದ ಅಲ್ಲಿಗೆ ದಿನಾ ಓಡ್ಯಾಡಾಕ ನಿಮಗ ತ್ರಾಸ ಆಕ್ಕೈತಿ.”

“ಬಸ್ ಅದಾವಲ್ರಿ,” ಎಂದು ಶೋಭಾ ಎದ್ದಳು. “ನಾಕಕ್ಕ ಬರ್ತೇನ್ರಿ.”

ಕೆಳಗೆ ದಾಖಲೆ ಕೋಣೆಯಲ್ಲಿ ಜವಾನ ಯಲ್ಲಪ್ಪ ಅವಳ ಮುಖ ನೋಡಿ, ಕೇಳದೆಯೇ ಚಹಾ ತಂದಿಟ್ಟ. ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದ್ದ, ಆರಬಾರದೆಂದು. ಅವಳು ನಡೆದದ್ದನ್ನು ಹೇಳಿದಳು.

“ಖಾಲಿ ಯಾಕ್ರಿ ಅಕ್ಕಾರ? ಕೊಟ್ಟಾವ ನಾ ಅದೇನಲ್ರಿ!”

“ನೀನಾ?”

“ಹ್ಞೂಂ ರಿ. ವೀರಪ್ಪ ಸಾಹೇಬ್ರು ಕಾರಿನ ಗಾಜ ನಾಕ ಬಟ್ಟ ಇಳಿಸಿ ಕೀಲಿ ಒಗದ ಹೋದ್ರು. ಸಬಕಾರ ಹಚ್ಚಿ ತೊಳದ ಇಟ್ಟಿದ್ದೆ. ಮರುದಿನ ಡಾಕ್ಟರ್ ಬಂದ್ರು, ಕೈಯಾಗ ಕೊಟ್ಟೆ. ಕುರ್ಚಿನೂ ತೊಳೀಲೇನ್ರಿ ಅಂದ್ರ, ‘ಬಿಡೋ ಮಾರಾಯಾ, ಕೂಡ್ರಾಕ ಯಾರಿಗೆ ಪುರಸೊತ್ತೈತಿ’ ಅಂದ್ರು. ಕೀಲಿ ವಹಿಯಾಗ ಬರದೇನಿ ಬೇಕಾರ ನೋಡ್ರಿ.”

ವಹಿ ಕಪಾಟಿನ ತಳದಲ್ಲಿ ಸಿಕ್ಕಿತು. ಮೇ ಎಂಟು, ಬೆಳಿಗ್ಗೆ ಆರೂವರೆ. ಡೀನ್ ಕೋಣೆಯ ಕೀಲಿ. ಕೊಟ್ಟವರು: ಯಲ್ಲಪ್ಪ. ತೆಗೆದುಕೊಂಡವರು: ಡಾ. ಫಕೀರವ್ವ. ಹಾಗೆಯೇ ದಿನಕ್ಕೊಂದರಂತೆ ಅರವತ್ಮೂರು ಸಾಲು, ಒಂದು ಭಾನುವಾರವೂ ಬಿಟ್ಟಿರಲಿಲ್ಲ. ಷರಾ ಎಂಬ ಕಡೆಯ ಅಂಕಣ ಎಲ್ಲ ಕಡೆ ಖಾಲಿ; ಮೇ ಇಪ್ಪತ್ತರಂದು ಮಾತ್ರ ಫಕೀರವ್ವನ ಸಣ್ಣ ಅಕ್ಷರಗಳಿದ್ದವು. ಶೋಭಾ ಗಟ್ಟಿಯಾಗಿ ಓದಿದಳು: “ಯಲ್ಲಪ್ಪನ ಮಗಳಿಗೆ ಜ್ವರ. ಅವನನ್ನು ಮನೆಗೆ ಕಳಿಸಿ ಬಾಗಿಲಿಗೆ ನಾನೇ ಕೀಲಿ ಹಾಕಿದ್ದೇನೆ. ಅವನ ಹಾಜರಿ ಕಡಿಯಬಾರದು.”

ಯಲ್ಲಪ್ಪ ಬಗ್ಗಿ ಆ ಸಾಲಿನ ಮೇಲೆ ಬೆರಳಾಡಿಸಿದ.

“ಡಾಕ್ಟರ್ ಗೀಚಿದ್ದ ನನಗ ಓದಾಕ ಬಂದಿರಲಿಲ್ರಿ. ಹಾಜರಿ ಬರಿಯಾವ ಕಡಿಯಾಕ ಮರತಾನಂತ ತಿಳದಿದ್ದೇನ್ರಿ,” ಎಂದ.

ನಾಲ್ಕಕ್ಕೆ ಶೋಭಾ ಬೇರೆ ಪಟ್ಟಿಯೊಂದಿಗೆ ಮಹಡಿ ಹತ್ತಿದಳು. ಹಿಂದೆ ವಹಿ ಎದೆಗೊತ್ತಿಕೊಂಡು ಯಲ್ಲಪ್ಪ. ಪಟ್ಟಿಯಲ್ಲಿ ವೀರಪ್ಪನವರದು ಮೇ ಏಳಕ್ಕೆ ಮುಗಿದು, ಆರನೆಯ ಹೆಸರು ಡಾ. ಫಕೀರವ್ವ ಎಂದಿತ್ತು. ಕೆಳಗೊಂದು ಟಿಪ್ಪಣಿ: ಕೀಲಿ ಕೊಟ್ಟವರು ಯಲ್ಲಪ್ಪ, ಜವಾನ.

“ಜವಾನ ಡೀನ್‌ಗಿ ಚಾರ್ಜ್ ಕೊಟ್ಟಾನಂತ ಪುಸ್ತಕದಾಗ ಹಾಕೂನೇನ್ರಿ? ಮಂದಿ ನಗತಾರ,” ಎಂದರು ಗುರುರಾಜ.

“ನಗಲಿ ಬಿಡ್ರಿ. ಖರೆ ಅಂದ್ರ ಯಾರ ಕೊಡಬೇಕಾಗಿತ್ತು ಅಂತನೂ ಕೇಳತಾರ.”

“ನಾ ಒಪ್ಪಲಿಲ್ಲ ಅಂದ್ರ?”

“ನಿಮ್ಮ ಪಟ್ಟಿಗೆ ನೀವ ಸಹಿ ಮಾಡ್ರಿ. ಇದಕ್ಕ ನಾ ಮಾಡೇನಿ. ಬಂದ ಕಾಗದದ ಆವಕ ವಹಿಯಾಗ ನಂಬರ್ ಹಚ್ಚಿಸೇನ್ರಿ, ಎರಡೂ ಫೈಲಿನಾಗ ಇರಲಿ.”

ನಂಬರ್ ಬಿದ್ದ ಕಾಗದವನ್ನು ಹರಿದು ಬುಟ್ಟಿಗೆ ಹಾಕುವಂತಿರಲಿಲ್ಲ. ಗುರುರಾಜ ತಮ್ಮ ಪಟ್ಟಿ ಎಳೆದುಕೊಂಡರು. ತಾವೇ ಹಾಕಿದ ಪೆನ್ಸಿಲ್ ಗುರುತಿನ ಮೇಲೆ ಪೆನ್ನು ಕೆಲಹೊತ್ತು ನಿಂತಿತು, ಇಳಿಯಲಿಲ್ಲ. ಕೊನೆಗೆ ಶೋಭಾಳ ಹಾಳೆಯ ಮೂಲೆಯಲ್ಲಿ ‘ಅಚ್ಚಿಗೆ’ ಎಂದು ಗೀಚಿ ಅವಳತ್ತ ನೂಕಿದರು.

“ಸೋಮವಾರದಿಂದ ಮೂಡಲಗಿ,” ಎಂದರು, ತಲೆ ಎತ್ತದೆ.

“ಆತ್ರಿ.”

ಐದಕ್ಕೆ ದಾಖಲೆ ಕೋಣೆ ಮುಚ್ಚಿದಳು. ಯಲ್ಲಪ್ಪ ಈಗಿನ ಕೀಲಿ ವಹಿ ತೆರೆದು ಹಿಡಿದ. ಕೊಟ್ಟವರು ಎಂಬಲ್ಲಿ ಅವಳು ತನ್ನ ಹೆಸರು ಬರೆದಳು; ತೆಗೆದುಕೊಂಡವರು ಎಂಬಲ್ಲಿ ಅವನು ತನ್ನದನ್ನು. ಪೆನ್ನು ವಾಪಸು ಇಸಿದುಕೊಂಡು ಅವಳು ಕಡೆಯ ಅಂಕಣದಲ್ಲಿ ಇನ್ನೂ ಏನೋ ಬರೆದಳು.

ಯಲ್ಲಪ್ಪ ಬಗ್ಗಿ ಓದಿದ. ‘ಯಲ್ಲಪ್ಪ ಚಹಾ ಕೊಟ್ಟ. ಬಿಸಿ ಇತ್ತು.’

ಅವಳು ಬಸ್ಸಿಗೆ ನಡೆದಳು. ಮಸಿ ಹಸಿಯಾಗಿತ್ತು. ಅವನು ವಹಿ ಮುಚ್ಚದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.