ಅಕ್ಕನ ಪಾಲಿನ ಕಾಳು

ಹೆಣದ ಕಾಲುಗಳನ್ನು ನೇರ ಮಾಡಲು ಮೂವರು ಒತ್ತಿ ಹಿಡಿದರು. ಮೂವತ್ತು ವರ್ಷ ಕತ್ತರಿಯಂತೆ ಹೆಣೆದುಕೊಂಡೇ ಇದ್ದ ಕಾಲುಗಳು ಸತ್ತ ಮೇಲೂ ಹಟ ಬಿಡಲಿಲ್ಲ.

"ಬಿಡ್ರಪ್ಪ, ಹಾಗೇ ಸುತ್ತಿ," ಎಂದರು ಪಾದ್ರಿ. "ನೆಟ್ಟಗೆ ಮಾಡಿ ಕಳಿಸಿದ್ರೆ ಅಲ್ಲಿ ಯಾರಿಗೂ ಇವನ ಗುರುತು ಹತ್ತಲ್ಲ."

ಒಬ್ಬಿಬ್ಬರು ನಕ್ಕರು. ದೆಂಬಿಯಾ ಸೀಮೆಯ ಸಂತೆಯಲ್ಲಿ ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಿದ್ದ ದರ್ಜಿ ಮುಲುಕೆನ್‌ನ ಗುರುತೇ ಆ ಕಾಲು, ಆ ಎರಡು ಊರುಗೋಲು. ಅವನ ಅಕ್ಕ ಅಂಗ್ವಾಚ್ ಮಾತ್ರ ಗೋಡೆಯತ್ತ ತಿರುಗಿದಳು. ಮಣ್ಣಾಗುವುದರೊಳಗೆ ಅವನಿಗೆ ಒಂದು ಮಾತು ಹೇಳಬೇಕಿತ್ತು. ಹನ್ನೆರಡು ವರ್ಷದಿಂದ ಹೇಳಬೇಕಿತ್ತು.

*

ಆಲಿಕಲ್ಲು ತೆಫ್ ಪೈರನ್ನೆಲ್ಲ ಬಡಿದುಹಾಕಿದ ವರ್ಷ ಹೊಲದಲ್ಲಿ ಉಳಿದದ್ದು ಗುವಾಯಾ ಎಂಬ ಕೇಸರಿಬೇಳೆ ಕಾಳೊಂದೇ. ಅದು ಬೇಯುವಾಗ ಏಳುವ ಆವಿ ಕಾಲು ಹಿಡಿಯುತ್ತದೆಂದು ಊರೆಲ್ಲ ನಂಬಿತ್ತು. ಹಾಗಾಗಿ ಅಮ್ಮ ಬೇಯಿಸಲಿಲ್ಲ, ನೆನೆಸಿ ನೀರು ಚೆಲ್ಲಲೂ ಇಲ್ಲ, ಹುರಿದು ಹಂಚಿದಳು. ಮೂರು ತಿಂಗಳು ಅದೇ ಊಟ. ಉಳುವ ಹುಡುಗನೆಂದು ಅಂಗ್ವಾಚ್ ತನ್ನ ಪಾಲನ್ನೂ ತಮ್ಮನ ಮಡಿಲಿಗೆ ಸುರಿಯುತ್ತಿದ್ದಳು. "ನನಗೆ ಹಸಿವಿಲ್ಲ ಕಣೋ." ಒಂದು ಬೆಳಿಗ್ಗೆ ಅವನು ಎದ್ದು ನಿಲ್ಲಲು ಹೋಗಿ ಬಿದ್ದ.

ಹದಿನೆಂಟು ವರ್ಷದ ಮೇಲೆ ನರ್ಸ್ ಒಬ್ಬಳು ಅವಳಿಗೆ ಬಿಡಿಸಿ ಹೇಳಿದ್ದಳು. ತಪ್ಪು ಆವಿಯದಲ್ಲ. ಕಾಳಿನೊಳಗೇ, ನೆನೆಸಿ ನೀರು ಚೆಲ್ಲಿದರೆ ಕಡಿಮೆಯಾಗುವ ಒಂದು ಅಮೈನೋ ಆಮ್ಲವಿದೆ. ಅದು ಮಿದುಳು, ಬೆನ್ನುಹುರಿಯ ನರಕೋಶಗಳನ್ನು ಬಿಡುವಿಲ್ಲದೆ ಕೆರಳಿಸುತ್ತದೆ, ಕೆರಳಿ ಕೆರಳಿ ಅವು ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಹೆಚ್ಚು ತಿಂದವರಿಗೆ ಹೆಚ್ಚು ಅಪಾಯ.

ತಮ್ಮನಿಗೆ ಇದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅಂದಿನಿಂದ ಊರುಗೋಲಿನ ಸದ್ದು ಕೇಳಿದರೆ ಸಾಕು, ದಾರಿ ಬದಲಿಸುತ್ತಿದ್ದಳು.

*

ಶವ ಚರ್ಚಿನ ಅಂಗಳಕ್ಕೆ ಬಂದಾಗ ಮುಲುಕೆನ್‌ನ ಹೆಂಡತಿ ಯೆಶಿ ಅವಳ ಪಕ್ಕ ಕುಸಿದು ಕೂತಳು.

"ಅತ್ತಿಗೆ, ಅವರು ಕೊನೇಲೂ ಅದನ್ನೇ ಹೇಳ್ತಿದ್ರು. ಅಕ್ಕ ಹಸ್ಕೊಂಡಿದ್ದಾಳೆ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೂ ಅವಳ ಪಾಲು ತಿಂದೆ, ಅದಕ್ಕೇ ದೇವರು ನನ್ನ ಕಾಲು ಕಿತ್ಕೊಂಡ ಅಂತ. ನಿಮ್ಮ ಹತ್ರ ಕ್ಷಮೆ ಕೇಳೋಕೆ ನಾಚಿಕೆ ಅವರಿಗೆ."

ಅಂಗ್ವಾಚಳ ಎದೆ ಒಡೆಯಿತು. ತನ್ನ ಒಂದು ಮಾತು ಸಾಕಿತ್ತು ಅವನಿಗೆ. ಎದ್ದು, ಅಳುವ ಹೆಂಗಸರ ನಡುವೆ ದಾರಿ ಮಾಡಿಕೊಂಡು ಶವದ ಮುಂದೆ ನಿಂತಳು.

"ಕಾಳಿಂದ ಆಗಿದ್ದು ಕಣೋ ಮುಲುಕೆನ್. ನೀನೇನೂ ತಪ್ಪು ಮಾಡಿಲ್ಲ. ಕೊಟ್ಟೋಳು ನಾನು."

ಶವದ ಮುಂದೆ ಒಬ್ಬಳು ಎತ್ತಿಕೊಟ್ಟ ಸಾಲನ್ನು ಉಳಿದವರು ಹಾಡುವುದು ವಾಡಿಕೆ. ಶೋಕದ ಸಾಲು ಬಂತೆಂದೇ ಹೆಂಗಸರು ತಿಳಿದರು. ಎದೆ ಬಡಿದುಕೊಳ್ಳುತ್ತ ನಲವತ್ತು ಬಾಯಿಗಳು ಒಟ್ಟಿಗೆ ರಾಗ ಎಳೆದವು: ಕೊಟ್ಟೋಳು ನಾನು, ಕೊಟ್ಟೋಳು ನಾನು.